ಬೆಳಗಾವಿಯ ಮಟನ್ ಸಾರು ಯಾಕೆ ಅಷ್ಟು ತೆಳ್ಳಗಿರುತ್ತೆ?

ಮೈಸೂರು, ಮಂಡ್ಯ ಕಡೆಯವರು ಬೆಳಗಾವಿಯಲ್ಲಿ ಉಂಡು ಹೋದ ಮೇಲೆ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮಟನ್ ಸಾರು ಯಾಕೆ ಅಷ್ಟು ನೀರು? ಅದು ಕನ್ನಡದವರ ಅಡುಗೆನಾ, ಮರಾಠಿಯವರದಾ? ನೀವೂ ಇವೆರಡನ್ನೇ ಕೇಳಿದ್ದೀರಿ. ಜೊತೆಗೆ ಮನೆಯಲ್ಲಿ ಮಾಡೋದು ಹೇಗೆ ಅಂತಲೂ ಕೇಳಿದ್ದೀರಿ. ಎರಡನೇ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ಉತ್ತರ ಚಿಕ್ಕದು.

ಸಂಕೇಶ್ವರ ನಮ್ಮ ಹುಕ್ಕೇರಿ ತಾಲೂಕಿನ ಊರು. ಆ ಊರಿನ ಹೆಸರಿನ ಮೆಣಸಿನಕಾಯಿ ಇದೆ. ತೆಳ್ಳಗೆ, ಉದ್ದಕ್ಕೆ ಇರುತ್ತೆ, ಖಾರ ಚುರುಕು. ಅದಕ್ಕೆ ದೊಡ್ಡ ಪೇಟೆ ಇರೋದು ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ. ಕೊಲ್ಹಾಪುರದ ತಾಂಬಡಾ ರಸ್ಸಾ, ಅಂದರೆ ಕೆಂಪು ಸಾರು, ಅಂತ ಜನ ಹೊಗಳುತ್ತಾರಲ್ಲ, ಅದರ ಉರಿಯಲ್ಲಿ ನಮ್ಮ ಮೆಣಸಿನಕಾಯಿಯ ಪಾಲೂ ಇದೆ. ನಮ್ಮ ಮನೆಗಳ ಕಾಂದಾ ಲಸೂಣ ಮಸಾಲಿ ಖಾರದಲ್ಲಿ (ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೇರಿಸಿ ಕುಟ್ಟಿದ ಖಾರದ ಪುಡಿ) ಅವರ ಕೈವಾಡವೂ ಇದೆ. ಬೇಸಿಗೆಯಲ್ಲಿ ಖಾರದ ಗಿರಣಿ ಮುಂದೆ ಡಬ್ಬಿ ಹಿಡಿದು ಕೂತವರಲ್ಲಿ ಅರ್ಧ ಜನ ಕನ್ನಡ, ಅರ್ಧ ಜನ ಮರಾಠಿ ಮಾತಾಡುತ್ತಿರುತ್ತಾರೆ. ಜಗಳ ಆಗೋದು ಪಾಳಿಗೆ ಮಾತ್ರ. ಹಾಗಾಗಿ ಅಡುಗೆ ಯಾರದು ಅಂದರೆ ಇಲ್ಲಿಯವರದು. ಅದಕ್ಕಿಂತ ಜಾಸ್ತಿ ಹೇಳಲು ಹೋದರೆ ಊಟ ತಣ್ಣಗಾಗುತ್ತೆ.

ಇನ್ನು ನೀರಿನ ವಿಷಯ. ಇಲ್ಲಿ ಸಾರಿನ ಹದ ನಿರ್ಧಾರ ಮಾಡೋದು ಮಟನ್ ಅಲ್ಲ, ರೊಟ್ಟಿ. ಬಿಳಿಜೋಳದ ರೊಟ್ಟಿ ಒಣ ತಿನಿಸು. ಅದರಲ್ಲಿ ಚಪಾತಿಯ ಜಿಗುಟಿಲ್ಲ, ಎಣ್ಣೆ ಇಲ್ಲ. ಗಟ್ಟಿ ಗೊಜ್ಜಿನಂಥ ಸಾರು ಕೊಟ್ಟರೆ ಗಂಟಲಲ್ಲಿ ಇಳಿಯೋದೇ ಇಲ್ಲ. ಮಾಲದಂಡಿ ಜೋಳದ ರೊಟ್ಟಿಯನ್ನು ಚೂರು ಮಾಡಿ ಬಟ್ಟಲಿಗೆ ಹಾಕಿ, ಮೇಲೆ ಬಿಸಿ ರಸ್ಸಾ ಸುರಿದು ನೋಡಿ. ಎರಡು ನಿಮಿಷದಲ್ಲಿ ಅರ್ಧ ರಸ್ಸಾ ಕಾಣೆಯಾಗಿರುತ್ತೆ. ಅದಕ್ಕೇ ನಮ್ಮಲ್ಲಿ ರಸ್ಸಾ ಬಡಿಸುವವರು ಪಂಕ್ತಿಯಲ್ಲಿ ಮೂರು ನಾಲ್ಕು ಸಲ ತಿರುಗುತ್ತಾರೆ. ಮಟನ್ ತುಂಡು ಒಂದೇ ಸಲ ಬರುತ್ತೆ.

ಇದೇ ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಖಾನಾಪುರದ ಕಡೆ ಹೋಗಿ. ಅಲ್ಲಿ ಮಳೆ ಜೋರು, ಕಾಡು, ಭತ್ತದ ಗದ್ದೆ. ಗೋವಾ ಹತ್ತಿರ. ಅನ್ನದ ಊಟ, ಹಸಿ ತೆಂಗಿನಕಾಯಿ ಅರೆದ ಸಾರು, ಸ್ವಲ್ಪ ದಪ್ಪವೇ. ಪೂರ್ವಕ್ಕೆ ಅಥಣಿ ದಾಟಿ ವಿಜಯಪುರದತ್ತ ಹೋದಂತೆ ಹಸಿ ಕಾಯಿ ಮಾಯವಾಗಿ ಒಣ ಕೊಬ್ಬರಿ ಬರುತ್ತೆ, ಎಳ್ಳು ಬರುತ್ತೆ, ಸಾರು ತೆಳ್ಳಗಾಗುತ್ತೆ. ಭಾಷೆಯ ಗಡಿ ಹುಡುಕುವವರು ಈ ಕಾಯಿ-ಕೊಬ್ಬರಿಯ ಗಡಿಯನ್ನು ಗಮನಿಸೋದೇ ಇಲ್ಲ. ಅಡುಗೆಮನೆ ಮಟ್ಟಿಗೆ ಇದೇ ದೊಡ್ಡದು.

ತೆಳ್ಳಗಿದ್ದರೂ ಅದು ಸಪ್ಪೆ ನೀರಲ್ಲ. ಮಾಡುವ ಕ್ರಮ ಹೇಳುತ್ತೇನೆ, ಒಂದು ಕೆಜಿ ಮಟನ್ ಲೆಕ್ಕಕ್ಕೆ. ಐದಾರು ಜನಕ್ಕೆ ಸಾಕು, ರೊಟ್ಟಿ ಇದ್ದರೆ ಎಂಟು ಜನಕ್ಕೂ ನಡೆಯುತ್ತೆ.

ಅಂಗಡಿಯಲ್ಲಿ ಮೊದಲು ಕೇಳೋದೇ, "ಏನ್ ಮಾಡಾವ್ರದೀರಿ? ರಸ್ಸಾನೋ ಸುಕ್ಕಾನೋ?" ರಸ್ಸಾ ಅನ್ನಿ. ಆಗ ಸೀನಾ (ಎದೆ ಭಾಗ), ಚಾಂಪ್ (ಪಕ್ಕೆಲುಬು), ಒಂದೆರಡು ನಳ್ಳಿ (ಮಜ್ಜೆಯಿರುವ ಎಲುಬು) ಹಾಕಿ ಕೊಡುತ್ತಾರೆ. ಬರೀ ಮೆತ್ತನೆ ತುಂಡು ಆರಿಸಿ ತರಬೇಡಿ. ಎಲುಬಿಲ್ಲದೆ ರಸ್ಸಾ ಆಗಲ್ಲ, ರುಚಿಯೆಲ್ಲ ಅಲ್ಲಿಂದಲೇ ಇಳಿಯಬೇಕು. ಸ್ವಲ್ಪ ಚರ್ಬಿಯೂ ಇರಲಿ.

ತೊಳೆದ ಮಟನ್‌ಗೆ ಉಪ್ಪು, ಅರ್ಧ ಚಮಚ ಅರಿಶಿನ, ಎರಡು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ-ಕೊತ್ತಂಬರಿ ಅರೆದದ್ದು ಸವರಿ ಅರ್ಧ ಗಂಟೆ ಬಿಡಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಹೆಚ್ಚಿದ ಒಂದು ಉಳ್ಳಾಗಡ್ಡಿ. ಅದು ಮೆತ್ತಗಾದ ಮೇಲೆ ಮಟನ್ ಹಾಕಿ. ಈಗ ನೀರು ಹಾಕಬೇಡಿ. ಪಾತ್ರೆಯ ಮೇಲೆ ಅಂಚಿರುವ ತಾಟು ಮುಚ್ಚಿ, ಆ ತಾಟಿನಲ್ಲಿ ನೀರು ಹಾಕಿ. ಒಳಗಿನ ಆವಿ ತಾಟಿನ ತಳಕ್ಕೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತೆ. ಮಟನ್ ತನ್ನ ನೀರಿನಲ್ಲಿ ತಾನೇ ಬೇಯುತ್ತೆ. ಅಷ್ಟರಲ್ಲಿ ತಾಟಿನ ಮೇಲಿನ ನೀರೂ ಕಾದಿರುತ್ತೆ, ಅದನ್ನೇ ಆಗಾಗ ಒಳಗೆ ಸುರಿದು ತಾಟಿಗೆ ಹೊಸ ನೀರು ಹಾಕುತ್ತಾ ಹೋಗಬೇಕು. ತಣ್ಣೀರು ನೇರ ಸುರಿದರೆ ಕುದಿ ನಿಂತು ಮಟನ್ ನಾರುನಾರಾಗುತ್ತೆ ಅಂತ ನಮ್ಮ ಆಯಿ ಬೈಯುತ್ತಿದ್ದಳು. ಕುಕ್ಕರ್‌ನಲ್ಲಿ ನಾಲ್ಕೈದು ಸೀಟಿಗೆ ಆಗುತ್ತೆ, ನಿಜ. ಭಾನುವಾರ ಸಮಯ ಇದ್ದರೆ ಒಂದು ಸಲ ತಾಟಿನಲ್ಲಿ ಮಾಡಿ.

ಎಲ್ಲ ಸೇರಿ ಒಂದೂವರೆ ಲೀಟರಿನಷ್ಟು ನೀರು ಹಿಡಿಯುತ್ತೆ. ಮುಕ್ಕಾಲರಿಂದ ಒಂದು ಗಂಟೆ ಸಣ್ಣ ಉರಿ. ಆಮೇಲೆ ಸಿಗೋದೇ ಅಳಣಿ. ಹಳದಿ ಬಣ್ಣ, ಮೇಲೆ ಸಣ್ಣ ಸಣ್ಣ ಎಣ್ಣೆಯ ಕಣ್ಣು. ಖಾರ ಬೀಳುವ ಮೊದಲು ಒಂದೆರಡು ಬಟ್ಟಲು ತೆಗೆದಿಡೋದು ಇಲ್ಲಿ ರೂಢಿ. ಮಕ್ಕಳಿಗೆ, ಬಾಣಂತಿಗೆ, ಜ್ವರದಿಂದ ಎದ್ದವರಿಗೆ ಅದೇ. ಮನೆಯ ಗಂಡಸರು ಅಡುಗೆಮನೆಗೆ ಬಂದು "ಉಪ್ಪು ನೋಡ್ತೀನಿ" ಅನ್ನೋದೂ ಈ ಹೊತ್ತಿಗೇ.

ಮಸಾಲೆ ಈ ಮಧ್ಯೆ ಆಗಬೇಕು. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ನೇರ ಬೆಂಕಿಯ ಮೇಲಿಟ್ಟು ಸುಡಿ. ಹೊರಗೆ ಪೂರ್ತಿ ಕಪ್ಪಾಗಲಿ, ಒಳಗೆ ಮೆತ್ತಗಾಗಲಿ. ಅರ್ಧ ಗಿಟುಕು ಒಣ ಕೊಬ್ಬರಿಯನ್ನು ಚಿಮಟದಲ್ಲಿ ಹಿಡಿದು ಅದೇ ಬೆಂಕಿಗೆ ತೋರಿಸಿ. ಎಣ್ಣೆಯಿರುವ ವಸ್ತು, ತಟ್ಟನೆ ಹೊತ್ತಿಕೊಳ್ಳುತ್ತೆ. ಊದಿ ಆರಿಸಿ, ಮತ್ತೆ ಹಿಡಿಯಿರಿ. ಅಂಚು ಕಂದಾಗಿ ಘಮ್ಮೆಂದರೆ ಸಾಕು. ಬಾಣಲೆಯಲ್ಲಿ ಎರಡು ಚಮಚ ಧನಿಯಾ, ಒಂದು ಚಮಚ ಜೀರಿಗೆ, ಎರಡು ಚಮಚ ಎಳ್ಳು, ಒಂದು ಚಮಚ ಗಸಗಸೆ, ನಾಲ್ಕು ಲವಂಗ, ಹತ್ತು ಮೆಣಸಿನ ಕಾಳು, ಬೆರಳುದ್ದ ದಾಲ್ಚಿನ್ನಿ, ಒಂದು ದೊಡ್ಡ ಏಲಕ್ಕಿ, ಚೂರು ಕಲ್ಲುಹೂ. ಇವನ್ನು ಬೇರೆ ಬೇರೆ ಹುರಿಯಬೇಕು. ಎಳ್ಳು, ಗಸಗಸೆ ಎರಡೂ ಧನಿಯಾಗಿಂತ ಬೇಗ ಸೀಯುತ್ತವೆ. ಕಲ್ಲುಹೂ ಬಿಡಬೇಡಿ. ಕೈಯಲ್ಲಿ ಹಿಡಿದರೆ ಒಣಗಿದ ಪಾಚಿ, ವಾಸನೆಯೂ ಇಲ್ಲ ಅನಿಸುತ್ತೆ. ಎಣ್ಣೆ ತಾಗಿದ ಮೇಲೆ ಅದರ ಕೆಲಸ ಗೊತ್ತಾಗುತ್ತೆ. ಉಳ್ಳಾಗಡ್ಡಿಯ ಕರಿ ಸಿಪ್ಪೆ ತೆಗೆದು, ಎಲ್ಲ ಸೇರಿಸಿ ನುಣ್ಣಗೆ ಅರೆಯಿರಿ. ನುಣ್ಣಗೆ ಅಂದರೆ ನುಣ್ಣಗೇ. ತೆಳ್ಳನೆ ಸಾರಿನಲ್ಲಿ ತರಿ ಉಳಿದರೆ ತಳಕ್ಕೆ ಕೂತುಬಿಡುತ್ತೆ.

ಈಗ ಕೆಂಪು. ಇನ್ನೊಂದು ಪಾತ್ರೆಯಲ್ಲಿ ನಾಲ್ಕೈದು ಚಮಚ ಎಣ್ಣೆ. ಆರೋಗ್ಯದ ಹೆಸರಲ್ಲಿ ಇದನ್ನು ಕಡಿಮೆ ಮಾಡಿದರೆ ಬಣ್ಣ ಬರಲ್ಲ, ಯಾಕಂದರೆ ಮೆಣಸಿನಕಾಯಿಯ ಕೆಂಪು ಬಿಟ್ಟುಕೊಳ್ಳೋದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಅರೆದ ಮಸಾಲೆಯನ್ನು ಎಣ್ಣೆ ಬಿಡುವ ತನಕ ಹುರಿದು, ಉರಿ ಪೂರ್ತಿ ಸಣ್ಣ ಮಾಡಿ, ಆಮೇಲೆ ಮೂರು ಚಮಚ ಮಸಾಲಿ ಖಾರ ಹಾಕಿ. ಜೋರು ಉರಿಯಲ್ಲಿ ಹಾಕಿದರೆ ಖಾರ ಸುಟ್ಟು ಕಹಿಯಾಗುತ್ತೆ, ಬಣ್ಣ ಇಟ್ಟಿಗೆಯಂತಾಗುತ್ತೆ. ಅರ್ಧ ನಿಮಿಷ ತಿರುವಿ, ತಕ್ಷಣ ಒಂದು ಸೌಟು ಬಿಸಿ ಅಳಣಿ ಸುರಿಯಿರಿ. ಆಮೇಲೆ ಉಳಿದ ಅಳಣಿ, ಎಲುಬಿನ ತುಂಡು ಎಲ್ಲ ಹಾಕಿ ಮುಚ್ಚಳ ತೆಗೆದು ಹದಿನೈದು ನಿಮಿಷ ಕುದಿಸಿ. ಮೇಲೆ ಕೆಂಪು ಎಣ್ಣೆ ಪದರವಾಗಿ ನಿಲ್ಲಬೇಕು. ಅದೇ ಕಟ್. ಒಲೆಯಿಂದ ಇಳಿಸಿದ ಮೇಲೆ ಹತ್ತು ನಿಮಿಷ ಕದಡಬೇಡಿ.

ನಿಮ್ಮೂರಲ್ಲಿ ಮಸಾಲಿ ಖಾರ ಸಿಗಲ್ಲ ಅಂದರೆ ಬ್ಯಾಡಗಿ ಪುಡಿ ಎರಡು ಪಾಲು, ಯಾವುದಾದರೂ ಖಾರದ ಮೆಣಸಿನಪುಡಿ ಒಂದು ಪಾಲು, ಜೊತೆಗೆ ಹುರಿದ ಬೆಳ್ಳುಳ್ಳಿ ಎಂಟು ಹತ್ತು ಎಸಳು ಅರೆದು ಸೇರಿಸಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬರೀ ಅದನ್ನೇ ಹಾಕಿದರೆ ನೋಡಲು ಭಯ ಹುಟ್ಟಿಸುವ, ತಿಂದರೆ ಏನೂ ಮಾಡದ ಸಾರು ಆಗುತ್ತೆ. ಬೆಂಗಳೂರಿನ ಎಷ್ಟೋ ಹೋಟೆಲುಗಳಲ್ಲಿ ಉತ್ತರ ಕರ್ನಾಟಕ ಶೈಲಿ ಅಂತ ಕೊಡೋದು ಇದನ್ನೇ ಅಂತ ನನ್ನ ಅನುಮಾನ.

ನಿಪ್ಪಾಣಿ, ಚಿಕ್ಕೋಡಿ ಕಡೆ ಇದರ ಜೊತೆ ಬಿಳಿ ರಸ್ಸಾನೂ ಮಾಡುತ್ತಾರೆ. ಅದು ಕೊಲ್ಹಾಪುರದ ನೇರ ಪ್ರಭಾವ, ಅಲ್ಲಗಳೆಯಲ್ಲ. ಮಾಡುವುದಿದ್ದರೆ ಅಳಣಿಗೆ ಅರಿಶಿನ ಚಿಟಿಕೆ ಮಾತ್ರ ಹಾಕಿ. ಗೋಡಂಬಿ, ಗಸಗಸೆ, ಬಿಳಿ ಎಳ್ಳು ನೆನೆಸಿ ಅರೆದು, ಇಡಿ ಮಸಾಲೆಯ ಒಗ್ಗರಣೆಗೆ ಹಾಕಿ, ಅಳಣಿ ಸೇರಿಸಿ, ಕೊನೆಗೆ ತೆಂಗಿನ ಹಾಲು. ಹಾಲು ಬಿದ್ದ ಮೇಲೆ ಕುದಿಸಬೇಡಿ, ಒಡೆಯುತ್ತೆ. ನನಗೆ ವೈಯಕ್ತಿಕವಾಗಿ ಒಂದು ಬಟ್ಟಲು ಕುಡಿದರೆ ಸಾಕು. ರೊಟ್ಟಿಗೆ ಅದು ಹೊಂದಲ್ಲ.

ಸಾವಜಿ ಊಟ ಬೇರೆ. ಅದು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡುಗೆ, ಹುಬ್ಬಳ್ಳಿ-ಧಾರವಾಡದಲ್ಲಿ ಹೆಚ್ಚು ಹೆಸರು. ನಮ್ಮಲ್ಲೂ ಸಾವಜಿ ಖಾನಾವಳಿಗಳಿವೆ. ಹೊರಗಿನವರು ಖಾರ ಅಂದ ಕೂಡಲೇ ಎಲ್ಲವನ್ನೂ ಸಾವಜಿ ಅಂದುಬಿಡುತ್ತಾರೆ. ಎರಡೂ ಕಡೆಯವರಿಗೂ ಅದು ಬೇಸರ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಗಡಿ ಕಡೆಯವರು ದಿನಾ ಮಟನ್ ತಿಂತಾರೆ ಅಂತ. ಸೋಮವಾರ ಈಶ್ವರನದು, ಗುರುವಾರ ದತ್ತನದು, ಮಂಗಳವಾರ ಶುಕ್ರವಾರ ಅಂಬಾಬಾಯಿ, ಯಲ್ಲಮ್ಮನ ಒಕ್ಕಲಿನವರು ತಿನ್ನಲ್ಲ, ಶನಿವಾರ ಹನುಮಪ್ಪ. ಲೆಕ್ಕ ಹಾಕಿದರೆ ಬುಧವಾರ, ಭಾನುವಾರ ಉಳಿಯುತ್ತೆ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಅದೂ ಇಲ್ಲ. ಲಿಂಗಾಯತರು, ಜೈನರು ಬಹಳ ಇರುವ ಜಿಲ್ಲೆ ಇದು, ಅವರ ಮನೆಗಳಲ್ಲಿ ವರ್ಷಪೂರ್ತಿ ಇಲ್ಲ. ಆದರೆ ಬದನೆಕಾಯಿ ಎಣ್ಣೆಗಾಯಿಗೆ ಅವರು ಸುಡುವ ಕೊಬ್ಬರಿ, ಹುರಿಯುವ ಎಳ್ಳು, ಹಾಕುವ ಖಾರ ಹೆಚ್ಚುಕಡಿಮೆ ಇದೇ. ಜೈನರ ಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಟ್ಟಿರುತ್ತಾರೆ ಅಷ್ಟೆ. ಪಕ್ಕದ ಮನೆಯಲ್ಲಿ ಮಾಳಿ ಹಿಡಿದವರು, ಅಂದರೆ ಮಾಲೆ ಹಾಕಿಕೊಂಡು ಮಾಂಸ ಬಿಟ್ಟವರು, ಇದ್ದರೆ ನಾವು ಭಾನುವಾರ ಹಿತ್ತಲ ಒಲೆಗೆ ಹೋಗುತ್ತೇವೆ. ಮಟನ್ ಪಾತ್ರೆ, ಸೌಟು ಬೇರೆಯೇ ಇರುತ್ತೆ. ಯಾರೂ ಹೇಳಿಸಿಕೊಳ್ಳೋದಿಲ್ಲ.

ಮೈಸೂರಿನಲ್ಲಿ ಬಿಸಿ ಜೋಳದ ರೊಟ್ಟಿ ಬಡಿಯುವವರು ಸಿಗದಿದ್ದರೆ ಖಡಕ್ ರೊಟ್ಟಿ ತನ್ನಿ, ಈಗ ಎಲ್ಲ ಕಡೆ ಪ್ಯಾಕೆಟ್‌ನಲ್ಲಿ ಬರುತ್ತೆ. ಅದು ಇನ್ನೂ ಜಾಸ್ತಿ ಕುಡಿಯುತ್ತೆ, ಆದ್ದರಿಂದ ರಸ್ಸಾಗೆ ಇನ್ನೊಂದು ಲೋಟ ಬಿಸಿನೀರು, ಚಿಟಿಕೆ ಉಪ್ಪು ಸೇರಿಸಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಲಿಂಬೆಹಣ್ಣು ಇರಲಿ. ಮುದ್ದೆಗೆ ಅಥವಾ ಅನ್ನಕ್ಕೇ ಮಾಡ್ತೀರಿ ಅಂದರೆ ನೀರು ಎರಡು ಲೋಟ ಕಡಿಮೆ ಮಾಡಿ, ಕೊಬ್ಬರಿ ಸ್ವಲ್ಪ ಹೆಚ್ಚಿಸಿ. ಚೆನ್ನಾಗೇ ಆಗುತ್ತೆ. ಅದನ್ನು ಬೆಳಗಾವಿ ಸಾರು ಅಂತ ನಮ್ಮವರ ಮುಂದೆ ಬಡಿಸಬೇಡಿ, ಅಷ್ಟೇ.