ಅತ್ತರೆ ಮಾತ್ರ ದುಃಖವೇ?

ಪತ್ರ: ಫ್ರೆಂಚ್ ನಿರ್ದೇಶಕಿ ಮಿಯಾ ಹಾನ್ಸೆನ್-ಲೋವ್ ಅವರ ‘ದಿ ಫಾದರ್ ಆಫ್ ಮೈ ಚಿಲ್ಡ್ರನ್’ ನೋಡಿದೆ. ಸಿನಿಮಾ ನಿರ್ಮಾಪಕನಾದ ನಾಯಕ ಸಾಲಕ್ಕೆ ಸೋತು ಅರ್ಧದಲ್ಲೇ ಜೀವ ಕಳೆದುಕೊಳ್ಳುತ್ತಾನೆ. ಆಮೇಲೆ ಬರೀ ಲೆಕ್ಕಪತ್ರ, ಮಾತುಕತೆ. ಹೆಂಡತಿ ಎದೆ ಬಡಿದುಕೊಂಡು ಅಳುವುದೂ ಇಲ್ಲ. ಇದು ದುಃಖದ ಸಿನಿಮಾ ಹೇಗಾದೀತು? – ಓದುಗರೊಬ್ಬರು, ಧಾರವಾಡ

ಉತ್ತರ: ಇಂಥ ಚಿತ್ರವನ್ನು ಹುಡುಕಿ ನೋಡಿ, ಸಿಟ್ಟು ಬಂದು ಪತ್ರ ಬರೆದಿರಲ್ಲ, ಅದೇ ನನಗೆ ಸಂತೋಷ. ಕಚೇರಿಯ ದೃಶ್ಯಗಳು ಅಲ್ಲಲ್ಲಿ ಎಳೆದಂತಾಗಿವೆ, ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ.

2009ರಲ್ಲಿ ಈ ಚಿತ್ರ ಬಂದಾಗ ಮಿಯಾಗೆ 28 ವರ್ಷ. ಇದು ಅವರ ಎರಡನೆಯ ಕಥಾಚಿತ್ರ. ಇದಕ್ಕೆ ಪ್ರೇರಣೆ ಅಂಬೇರ್ ಬಾಲ್ಸಾನ್ ಎಂಬ ನಿರ್ಮಾಪಕ. ಈಜಿಪ್ಟಿನ ಯೂಸುಫ್ ಶಾಹೀನ್, ಪ್ಯಾಲೆಸ್ತೀನಿನ ಎಲಿಯಾ ಸುಲೇಮಾನ್ ಅಂಥ ನಿರ್ದೇಶಕರ ಬೆನ್ನಿಗೆ ನಿಂತವರು. ಮಿಯಾರ ಮೊದಲ ಚಿತ್ರವನ್ನೂ ನಿರ್ಮಿಸಲು ಮುಂದಾಗಿದ್ದವರು. 2005ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ಆಗ ಕೈಯಲ್ಲಿದ್ದ ಹಂಗೆರಿಯ ನಿರ್ದೇಶಕ ಬೇಲಾ ಟಾರ್ ಅವರ ಚಿತ್ರ ಅರ್ಧಕ್ಕೆ ನಿಂತಿತು. ಪೂರ್ತಿಯಾಗಿ ತೆರೆ ಕಂಡದ್ದು 2007ರಲ್ಲಿ. ಆ ಎರಡು ವರ್ಷ ಎಷ್ಟು ಜನ ಎಷ್ಟು ಕಡತ ತಿರುವಿರಬೇಕು, ಯೋಚಿಸಿ. ನಿಮಗೆ ಬೇಸರ ತರಿಸಿದ ಆ ಕಡತಗಳು ಅವೇ.

ಚಿತ್ರದ ಮೊದಲರ್ಧದಲ್ಲಿ ನಾಯಕ ಗ್ರೆಗ್ವಾರ್ ಕಿವಿಯಿಂದ ಮೊಬೈಲ್ ಇಳಿಯುವುದೇ ಇಲ್ಲ. ಅವನು ಹೋದ ಮೇಲೆ ಅವನು ಬಿಟ್ಟ ಕೆಲಸವನ್ನು ಹೆಂಡತಿ ಸಿಲ್ವಿಯಾ ಎತ್ತಿಕೊಳ್ಳುತ್ತಾಳೆ. ಅಪ್ಪನಿಗೆ ಬೇರೊಬ್ಬ ಮಗನಿದ್ದಾನೆಂದು ಹಿರಿಮಗಳು ಕ್ಲೆಮಾನ್ಸ್‌ಗೆ ತಿಳಿಯುತ್ತದೆ. ಸತ್ತವನ ಜೊತೆ ಜಗಳ ಆಡುವುದು ಹೇಗೆ? ಆ ಹುಡುಗಿಯ ಮುಖ ನೋಡಿದಿರಾ? ತೆರೆಯ ಮೇಲೆ ಅವಳ ಅಪ್ಪನಾದ ನಟನಿಗೆ ಅವಳು ಸ್ವಂತ ಮಗಳು. ಅಷ್ಟು ಹತ್ತಿರದವರನ್ನು ಇಟ್ಟುಕೊಂಡೂ ನಿರ್ದೇಶಕಿ ಗೋಳಾಟಕ್ಕೆ ಕೈಹಾಕಲಿಲ್ಲ.

ನಮ್ಮ ತಂದೆಯದು ಸಣ್ಣ ಅಚ್ಚುಕೂಟ. ಅವರು ತೀರಿಕೊಂಡ ನಾಲ್ಕನೇ ದಿನ ಕಾಗದದ ಅಂಗಡಿಯವರು ಬಾಕಿ ಕೇಳಲು ಬಂದರು. ಅಮ್ಮ ಗೂಡಿನಿಂದ ಅಪ್ಪನ ಕನ್ನಡಕ ತೆಗೆದು ಹಾಕಿಕೊಂಡು ಲೆಕ್ಕದ ಪುಸ್ತಕ ಬಿಡಿಸಿದಳು. ಅದರ ಒಂದು ಕಡ್ಡಿಗೆ ಅಪ್ಪ ದಾರ ಸುತ್ತಿದ್ದರು. ಪವರ್ ಹೊಂದದೆ ಅವಳು ಪುಸ್ತಕವನ್ನು ಹಿಂದೆ ಮುಂದೆ ಸರಿಸುತ್ತಿದ್ದಳು. ‘ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಎಂಥ ಗಟ್ಟಿಗಿತ್ತಿ’ ಎಂದು ಬಂದ ಹೆಂಗಸರು ಪಿಸುಗುಟ್ಟಿದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಪತ್ರ ಓದಿದಾಗಲೂ ಅದೇ ಚುಚ್ಚಿತು, ಬೇಸರ ಮಾಡಿಕೊಳ್ಳಬೇಡಿ.

ತಪ್ಪು ನಿಮ್ಮೊಬ್ಬರದೇ ಅಲ್ಲ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಸುದ್ದಿವಾಹಿನಿಯವರು ತಾಯಿಯ ಬಾಯಿಗೆ ಮೈಕು ಹಿಡಿಯುತ್ತಾರೆ. ‘ಈಗ ನಿಮಗೆ ಏನನ್ನಿಸುತ್ತಿದೆ?’ ಎಂದು ಕೇಳುತ್ತಾರೆ. ಆಕೆ ಅತ್ತರೆ ಅದನ್ನೇ ದಿನವಿಡೀ ತೋರಿಸುತ್ತಾರೆ, ಹಿಂದೆ ಪಿಟೀಲು ಬೇರೆ. ಧಾರಾವಾಹಿಯಲ್ಲಿ ಒಂದು ಸಾವಿಗೆ ಒಂದು ವಾರ ಕಣ್ಣೀರು. ಹೀಗೆ ನೋಡಿ ನೋಡಿ, ಪಕ್ಕದ ಮನೆಯಲ್ಲಿ ಸುಮ್ಮನೆ ಅಕ್ಕಿ ಆರಿಸುತ್ತ ಕೂತ ವಿಧವೆಯ ಸಂಕಟ ನಮಗೆ ಕಾಣದಂತಾಗಿದೆ. ಸಿನಿಮಾ ವಿಮರ್ಶಕರೂ ‘ಭಾವನೆ ಸಾಲದು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಅಪ್ಪ ಹೋದಾಗ ಅಚ್ಚುಕೂಟದಲ್ಲಿ ಒಂದು ಲಗ್ನಪತ್ರಿಕೆಯ ಕೆಲಸ ಅರ್ಧವಾಗಿತ್ತು. ಸೂತಕದ ಮನೆಯ ಕಾಗದ ಮದುವೆಗೆ ಬೇಡ ಎಂದು ನೆಂಟರು ಹೇಳಿದರು. ಹೆಣ್ಣಿನ ತಂದೆ ಕೇಳಲಿಲ್ಲ, ತಾವೇ ಬಂದು ಬಾಗಿಲಲ್ಲಿ ನಿಂತರು. ಅಮ್ಮ ಕೂತು ಎಲ್ಲವನ್ನೂ ಮಡಿಸಿ, ಎಣಿಸಿ, ಮೂಲೆಗೆ ಅರಿಸಿನ ಹಚ್ಚಲು ಮಾತ್ರ ಪಕ್ಕದ ಮನೆಯ ಹುಡುಗಿಯನ್ನು ಕರೆದಳು.