ಓದುಗರ ಪ್ರಶ್ನೆ: ಹಳೆಯ ಲಿಂಕನ್ ಕಾಂಟಿನೆಂಟಲ್

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇನೆ. 1964ರ ಲಿಂಕನ್ ಕಾಂಟಿನೆಂಟಲ್ ಕನ್ವರ್ಟಿಬಲ್ ಕೊಂಡಿದ್ದೇನೆ. ಟಾಪ್ (ಮಡಚುವ ಚಾವಣಿ) ಅರ್ಧಕ್ಕೇ ನಿಲ್ಲುತ್ತದೆ. ಹಿಂಬಾಗಿಲಿನ ಗಾಜು ಒಡೆದಿದೆ. 1962ರ ಗಾಜು ಹಾಕಬಹುದೇ?

ಉತ್ತರ: ಗಾಜು ಹೊಂದುವುದಿಲ್ಲ. 1961ರಿಂದ 63ರವರೆಗೆ ಪಕ್ಕದ ಗಾಜು ಬಾಗಿತ್ತು, 64ರಲ್ಲಿ ಚಪ್ಪಟೆಯಾಯಿತು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ 123ರಿಂದ 126 ಇಂಚಿಗೆ ಬೆಳೆಯಿತು. ಹೊರನೋಟಕ್ಕೆ ಒಂದೇ ಕಾರು ಎನಿಸುವುದರಿಂದಲೇ ಅನೇಕರು ದುಡ್ಡು ಕಳೆದುಕೊಳ್ಳುತ್ತಾರೆ. ಪಾರ್ಟ್ ನಂಬರ್ ಓದಲು ಕಲಿಯಿರಿ: 'ಸಿ4ವಿವೈ' ಎಂದಿದ್ದರೆ ಸಿ ಅಂದರೆ 1960ರ ದಶಕ, 4 ಅಂದರೆ 1964, ವಿ ಅಂದರೆ ಲಿಂಕನ್. ಆದರೆ ಅದು ವಿನ್ಯಾಸದ ವರ್ಷ. ಮುಂದಿನ ವರ್ಷದ ಕಾರಿಗೂ ಅದೇ ಭಾಗ ಬಂದಿರಬಹುದು.

ಟಾಪ್ ವಿಷಯಕ್ಕೆ ಬಂದರೆ, ಪಂಪ್ ಬದಲಿಸಲು ಅವಸರ ಬೇಡ. ಡಿಕ್ಕಿ ಮುಚ್ಚಳದ ಲಾಕ್ ಬಿಚ್ಚುವುದು, ಮುಚ್ಚಳ ಏಳುವುದು, ಟಾಪ್ ಚಲಿಸುವುದು ಎಲ್ಲ ಸರದಿಯಂತೆ ನಡೆಯುತ್ತವೆ. ಒಂದು ಹಂತ ಮುಗಿಯಿತೆಂದು ಲಿಮಿಟ್ ಸ್ವಿಚ್ ಹೇಳದಿದ್ದರೆ ಮುಂದಿನ ರಿಲೇಗೆ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಕರೆಂಟ್ ಹೋಗದು. ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಅರ್ತ್ ಜಾಗಗಳ (ತಂತಿ ಕಾರಿನ ಲೋಹದ ಮೈಗೆ ಸೇರುವ ಕಡೆ) ತುಕ್ಕು ಉಜ್ಜಿ. ಆಮೇಲೆ ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಡಿಕ್ಕಿಯ ರಿಲೇಗಳ 'ಟಕ್' ಸದ್ದು ಕೇಳಲಿ. ಸದ್ದು ನಿಂತ ಹಂತದ ಸ್ವಿಚ್ಚಿನ ಎರಡೂ ಬದಿಗೆ ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಉರಿಯುವ ದೀಪ) ಹಿಡಿಯಿರಿ. ಬಹುಪಾಲು ಜಿಡ್ಡುಗಟ್ಟಿದ ಅಥವಾ ಜರುಗಿದ ಸ್ವಿಚ್ಚೇ ಕಾರಣ. ಮೋಟರಿಗೆ ನೇರ ತಂತಿ ಕೊಡಬೇಡಿ, ಸರದಿ ತಪ್ಪಿದರೆ ಮುಚ್ಚಳ ಬಾಗುತ್ತದೆ.

ಈ ಕಾರಿನ ವೈಪರ್ ಪವರ್ ಸ್ಟಿಯರಿಂಗ್ ಎಣ್ಣೆಯ ಒತ್ತಡದಿಂದ ಓಡುತ್ತದೆ. ಸ್ಟಿಯರಿಂಗ್ ಎಣ್ಣೆ ಇಳಿಯುತ್ತಿದ್ದರೆ ವೈಪರ್ ಮೋಟರಿನ ಸೀಲನ್ನೂ ನೋಡಿ.