ಹಿನ್ನೀರಿಗೆ ಬಿದ್ದ ಫೋನ್, ಬ್ಯಾಗು, ಉಂಗುರ: ಯಾವುದನ್ನು ಯಾವಾಗ ಹುಡುಕಬೇಕು?

ಓದುಗರ ಪತ್ರದ ಸಾರ: ಡಿಸೆಂಬರ್‌ನಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ನೆಂಟರ ಹುಟ್ಟುದೋಣಿಯಲ್ಲಿ ಹೋಗಿದ್ದೆವು. ಫೋಟೊ ತೆಗೆಯುವಾಗ ನನ್ನ ಫೋನ್ ಕೈಜಾರಿತು. ಹಿಡಿಯಲು ಬಗ್ಗಿದೆ, ದೋಣಿ ವಾಲಿತು. ಬಟ್ಟೆ, ಸ್ಟೀಲ್ ಟಿಫಿನ್ ಕ್ಯಾರಿಯರ್, ಕಾರಿನ ಕೀ ಇದ್ದ ಬ್ಯಾಗೂ ನೀರಿಗೆ ಬಿತ್ತು. ಆ ಗಡಿಬಿಡಿಯಲ್ಲಿ ಹೆಂಡತಿಯ ಬೆರಳಿನ ಉಂಗುರವೂ ಹೋಯಿತು. 22 ಕ್ಯಾರೆಟ್, ನಾಲ್ಕು ಗ್ರಾಂ. ಮರುದಿನ ಅಂದಾಜಿನ ಜಾಗದಲ್ಲಿ ಕಲ್ಲು ಕಟ್ಟಿದ ಹಗ್ಗ ಇಳಿಸಿದಾಗ ಆಳ 22 ಅಡಿ ಬಂತು. ಎರಡು ನಿಮಿಷ ಮೊದಲು ಮಗ ತನ್ನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದೆ. 200 ಕೆ.ಜಿ. ಎಳೆಯುತ್ತದೆಂದು ಮ್ಯಾಗ್ನೆಟ್ ತರಿಸಿದ್ದೇನೆ. ಮುಳುಗಿ ತೆಗೆದುಕೊಡುತ್ತೇನೆ ಎಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಏನಾದರೂ ಸಿಗುವ ಆಸೆ ಇದೆಯೇ?
— ಸಾಗರ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಆಸೆ ಇದೆ. ಆದರೆ ನೀವು ಅಂದುಕೊಂಡ ಕ್ರಮದಲ್ಲಿ ಅಲ್ಲ. ಮೂರೂ ಒಂದೇ ಗಳಿಗೆಯಲ್ಲಿ ಬಿದ್ದವು ಅಂದಮಾತ್ರಕ್ಕೆ ಮೂರೂ ಒಂದೇ ಕಡೆ ಕೂತಿರುವುದಿಲ್ಲ. ಉಂಗುರ ಬಿದ್ದಲ್ಲಿಂದ ಹೆಚ್ಚುಕಡಿಮೆ ನೆಟ್ಟಗೆ ತಳ ಸೇರುತ್ತದೆ. ಫೋನ್ ಚಪ್ಪಟೆ ವಸ್ತು. ಒಣಗಿದ ಎಲೆ ಉದುರುವ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ಜಾರುತ್ತ ಇಳಿಯುತ್ತದೆ, ಹಾಗಾಗಿ ಕೆಲವು ಅಡಿ ಪಕ್ಕಕ್ಕೆ ಹೋಗಿರುತ್ತದೆ. ಬ್ಯಾಗಿನ ಕಥೆಯೇ ಬೇರೆ. ಬಟ್ಟೆಯ ಮಡಿಕೆಯಲ್ಲೂ ಮುಚ್ಚಳ ಬಿಗಿದ ಕ್ಯಾರಿಯರ್ ಒಳಗೂ ಗಾಳಿ ಇರುವುದರಿಂದ ಅದು ಒಂದಷ್ಟು ಹೊತ್ತು ತೇಲಿ, ಗಾಳಿ ತಳ್ಳಿದ ಕಡೆ ಸಾಗಿ, ಆಮೇಲೆ ಮುಳುಗಿರುತ್ತದೆ. ಆದ್ದರಿಂದ ಮೂರಕ್ಕೂ ಬೇರೆ ಬೇರೆ ಜಾಗ, ಬೇರೆ ಸಾಧನ, ಬೇರೆ ತಿಂಗಳು.

ಮೊದಲು ಮ್ಯಾಗ್ನೆಟ್ ವಿಚಾರ ಮುಗಿಸೋಣ. ಚಿನ್ನಕ್ಕೆ ಅದು ಅಂಟುವುದಿಲ್ಲ. ಟಿಫಿನ್ ಕ್ಯಾರಿಯರ್ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನದಾದರೆ ಅದಕ್ಕೂ ಅಂಟುವುದಿಲ್ಲ. ಅಡುಗೆಮನೆಯ ಪಾತ್ರೆಗಳ ಮೇಲೆ ಇಟ್ಟು ನೋಡಿದರೆ ತಿಳಿಯುತ್ತದೆ. ಫೋನಿನಲ್ಲಿ ಸ್ಪೀಕರಿನ ಪುಟ್ಟ ಅಯಸ್ಕಾಂತ, ಚೂರುಪಾರು ಉಕ್ಕು ಇದ್ದರೂ ಎತ್ತುವಷ್ಟು ಹಿಡಿತ ಸಿಗುವ ಭರವಸೆಯಿಲ್ಲ. ಉಳಿದದ್ದು ಕೀಗೊಂಚಲಿನ ಉಕ್ಕಿನ ಬಳೆ ಮಾತ್ರ, ಅದೂ ಬ್ಯಾಗಿನೊಳಗಿದೆ. ‘200 ಕೆ.ಜಿ.’ ಎನ್ನುವುದು ದಪ್ಪ, ನುಣುಪು ಕಬ್ಬಿಣದ ಹಲಗೆಗೆ ಪೂರ್ತಿ ಅಂಟಿಸಿ ಅಳೆದ ಲೆಕ್ಕ. ನಡುವೆ ಬೆರಳಷ್ಟು ಕೆಸರು ಬಂದರೂ ಆ ಬಲದಲ್ಲಿ ಉಳಿಯುವುದು ಅತ್ಯಲ್ಪ. ದೂರದಿಂದ ಎಳೆದುಕೊಳ್ಳುತ್ತದೆ ಎಂಬುದು ಜಾಹೀರಾತಿನ ಮಾತು. ಕೊಂಡ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ವಾಪಸ್ ಮಾಡಿ! ಇಟ್ಟುಕೊಳ್ಳುವುದಾದರೆ ಅದರ ಕೊಕ್ಕೆಯ ತಿರುಪಿಗೆ ಅಂಟು ಹಾಕಿಸಿ ಬಿಗಿ ಮಾಡಿಸಿ. ಹಗ್ಗ ಮುರಿಗೊಂಡಾಗ ತಿರುಪು ತಾನಾಗಿ ಬಿಚ್ಚಿಕೊಂಡು ಮ್ಯಾಗ್ನೆಟ್ಟೇ ನೀರುಪಾಲಾಗುವುದು ಮಾಮೂಲು.

ನಿಮ್ಮ ಕೈಯಲ್ಲಿರುವ ನಿಜವಾದ ಆಸ್ತಿ ಮಗ ತೆಗೆದ ಫೋಟೊ. ಅದರೊಳಗೆ ತೆಗೆದ ಸಮಯ ಇರುತ್ತದೆ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ ರೇಖಾಂಶವೂ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಫೋಟೊ ಎಂದು ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ. ಮಗನ ಮೊಬೈಲಿನಲ್ಲೇ ನೋಡಿ, ಇಲ್ಲವೇ ಡಾಕ್ಯುಮೆಂಟ್ ಎಂದು ಕಳಿಸಿಕೊಳ್ಳಿ. ಬಯಲು ಆಕಾಶದ ಕೆಳಗೆ ಮೊಬೈಲ್ ತೋರಿಸುವ ಜಾಗ ಐದಾರು ಮೀಟರ್ ಆಚೀಚೆ ಇರಬಹುದು.

ಲೊಕೇಶನ್ ಇಲ್ಲದಿದ್ದರೂ ಫೋಟೊದ ಹಿನ್ನೆಲೆ ಸಾಕು. ಕರಾವಳಿಯ ಮೀನುಗಾರರು ಜಿಪಿಎಸ್ ಬರುವ ಮೊದಲೂ ಕಡಲಿನ ನಡುವೆ ಅದೇ ಜಾಗಕ್ಕೆ ಮರಳುತ್ತಿದ್ದದ್ದು ಹೀಗೆ: ಹತ್ತಿರದ ಒಂದು ಗುರುತು, ಅದರ ಹಿಂದೆ ದೂರದ ಇನ್ನೊಂದು ಗುರುತು, ಎರಡೂ ಒಂದೇ ಸಾಲಿಗೆ ಬಂದರೆ ಅದೊಂದು ಗೆರೆ. ಬದಿಗೆ ತಿರುಗಿ ಇನ್ನೆರಡು ಗುರುತು ಹೊಂದಿಸಿದರೆ ಎರಡನೇ ಗೆರೆ. ಎರಡೂ ಕೂಡುವಲ್ಲಿ ನೀವಿದ್ದಿರಿ. ಫೋಟೊದಲ್ಲಿ ನಡುಗಡ್ಡೆಯ ಒಣಮರ ಹಿಂದಿನ ಗುಡ್ಡದ ಯಾವ ತಗ್ಗಿಗೆ ಹೊಂದಿದೆ ನೋಡಿ, ದೋಣಿಯಲ್ಲಿ ಹೋಗಿ ಕಣ್ಣಿಗೂ ಹಾಗೇ ಹೊಂದುವಂತೆ ನಿಲ್ಲಿ. ಅಲ್ಲಿಂದ ಬೀಳುವ ಹೊತ್ತಿಗೆ ಎರಡು ನಿಮಿಷ ಕಳೆದಿದೆ. ಗಂಟೆಗೆ ಒಂದೇ ಕಿಲೋಮೀಟರ್ ವೇಗದಲ್ಲಿ ದೋಣಿ ಸರಿದರೂ ನಿಮಿಷಕ್ಕೆ 17 ಮೀಟರ್ ಆಗುತ್ತದೆ. ಹಾಗಾಗಿ ಹುಡುಕಬೇಕಾದದ್ದು ಒಂದು ಬಿಂದುವನ್ನಲ್ಲ. ಅಂದು ದೋಣಿ ಸರಿದ ದಿಕ್ಕಿನಲ್ಲಿ 40 ಮೀಟರ್ ಉದ್ದ, 15 ಮೀಟರ್ ಅಗಲದ ಪಟ್ಟಿಯನ್ನು. ಅದರ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶವನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಬ್ಯಾಗಿಗೆ ಬೇಕಾದದ್ದು ಹಳೆಯ ಪಾತಾಳಗರಡಿ. ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗೊಂಚಲು ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಳ್ಳುವಷ್ಟು ಚೆನ್ನಾಗಿ ಬೇರೇನೂ ಸಿಕ್ಕಿಕೊಳ್ಳುವುದಿಲ್ಲ. ಬಾವಿಯಲ್ಲಿ ನೆಟ್ಟಗೆ ಇಳಿಸಿ ಆಡಿಸಿದರೆ ಆಯಿತು. ಹಿನ್ನೀರಿನಲ್ಲಿ ತಳ ಸವರಿಕೊಂಡು ಎಳೆಯಬೇಕು. ಅದಕ್ಕೆ ಗರಡಿಯ ಮುಂದೆ ಎರಡಡಿ ಕಬ್ಬಿಣದ ಸರಪಳಿ ಸೇರಿಸಿ, ಕೊಕ್ಕೆಗಳು ತಳಕ್ಕೆ ಒರಗುತ್ತವೆ. ಹಗ್ಗ ಆಳದ ಮೂರು ಪಟ್ಟು ಬಿಡಬೇಕು. 22 ಅಡಿಗೆ 65–70 ಅಡಿ. ಕಡಿಮೆ ಬಿಟ್ಟರೆ ಗರಡಿ ನೆಲ ಬಿಟ್ಟು ಮೇಲೇಳುತ್ತದೆ. ಫೋಟೊದ ಜಾಗದಿಂದ ಗಾಳಿ ಬೀಸಿದ ಕಡೆಗೆ ಹೋಗಿ, ಅಲ್ಲಿಂದ ಗಾಳಿಗೆ ಎದುರಾಗಿ ನಿಧಾನ ಹುಟ್ಟು ಹಾಕುತ್ತ ಬನ್ನಿ. ಪ್ರತಿ ಸಲ ಎರಡು ಮೂರು ಅಡಿ ಪಕ್ಕಕ್ಕೆ ಸರಿಯಿರಿ.

ಇಲ್ಲಿ ಕೆಡುವುದು ಒಂದೇ ಕಡೆ. ಮುಳುಗಡೆಯಾದ ಕಾಡಿನ ಬೊಡ್ಡೆಗಳಿಗೆ ಗರಡಿ ಕಚ್ಚಿಕೊಳ್ಳುತ್ತದೆ. ಆಗ ಪಕ್ಕದ ಅಂಚಿನಿಂದ ಜಗ್ಗಿದರೆ ದೋಣಿ ಮಗುಚುತ್ತದೆ. ಯಾವಾಗಲೂ ಮೂತಿಯ ಕಡೆಯಿಂದ, ಕೂತೇ ಎಳೆಯಿರಿ. ಅದಕ್ಕೂ ಮೊದಲು ಹಗ್ಗ ಕಟ್ಟುವ ಬಗೆ ಬದಲಿಸಿ: ಹಗ್ಗದ ತುದಿಯನ್ನು ಮೇಲಿನ ಬಳೆಗೆ ಕಟ್ಟಬೇಡಿ, ಕೊಕ್ಕೆಗಳು ಕೂಡುವ ಬುಡಕ್ಕೆ ಕಟ್ಟಿ. ಅಲ್ಲಿಂದ ಹಗ್ಗವನ್ನು ದಂಡಿನ ಗುಂಟ ಮೇಲೆ ತಂದು ಬಳೆಗೆ ತೆಳು ಸೆಣಬಿನ ದಾರದಿಂದ ಎರಡು ಸುತ್ತು ಬಿಗಿಯಿರಿ. ಸರಪಳಿ ಇದ್ದರೆ ಅದನ್ನೂ ಹೀಗೆಯೇ ಬುಡದಿಂದ ತನ್ನಿ. ಮಾಮೂಲಿ ಎಳೆತಕ್ಕೆ ದಾರ ತಡೆಯುತ್ತದೆ. ಬೊಡ್ಡೆಗೆ ಸಿಕ್ಕಿ ಜೋರಾಗಿ ಜಗ್ಗಿದಾಗ ದಾರ ಹರಿದು, ಎಳೆತ ಬುಡದಿಂದ ಬರುತ್ತದೆ. ಕೊಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಚಿಕೊಳ್ಳುತ್ತದೆ. ಹೊರಡುವ ಮುಂಚೆ ಅಲ್ಲಿನ ಮೀನುಗಾರರನ್ನು ಕೇಳಿ ಬಲೆ ಎಲ್ಲಿ ಬಿಟ್ಟಿದ್ದಾರೆಂದು ತಿಳಿದುಕೊಳ್ಳಿ. ನಿಮ್ಮ ಬ್ಯಾಗು ಈಗಾಗಲೇ ಅವರ ಬಲೆಗೆ ಬಂದಿದ್ದರೂ ಆಶ್ಚರ್ಯವಿಲ್ಲ.

ಕೀ ಸಿಕ್ಕರೆ ಎಸೆಯಬೇಡಿ. ಎಂಜಿನ್ ಚಾಲೂ ಆಗಲು ಒಪ್ಪಿಗೆ ಕೊಡುವ ಚಿಪ್ ಬಹಳಷ್ಟು ಕೀಗಳಲ್ಲಿ ಬ್ಯಾಟರಿಯಿಲ್ಲದೆ ಕೆಲಸ ಮಾಡುತ್ತದೆ. ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಹೊಸ ಬಟನ್ ಸೆಲ್ ಹಾಕಿ ನೋಡಿ. ರಿಮೋಟ್ ಸತ್ತಿದ್ದರೂ ಕಾರು ಚಾಲೂ ಆಗಬಹುದು. ಅಲ್ಲಿಯತನಕ ಮನೆಯಲ್ಲಿರುವ ಎರಡನೇ ಕೀಯಿಂದ ನಕಲು ಮಾಡಿಸಿಕೊಳ್ಳಿ. ಅದೂ ಕಳೆದರೆ ಖರ್ಚು ಹಲವು ಪಟ್ಟು.

ಫೋನಿಗೆ ನಾವು ದುಡ್ಡು ಸುರಿಯುವುದಿಲ್ಲ. ನೀರು ತಡೆಯುವ ಐಪಿ68 ಫೋನ್ ಎಂದರೂ ಕಂಪನಿ ಹೇಳಿದ ಆಳ, ಹೇಳಿದ ಹೊತ್ತು ಮಾತ್ರ. ದುಬಾರಿ ಮಾದರಿಗಳಿಗೂ ಆರು ಮೀಟರ್, ಅರ್ಧ ಗಂಟೆ ಎಂಬಂಥ ಮಿತಿ ಇರುತ್ತದೆ. ನಿಮ್ಮದು ಸುಮಾರು ಆರೂಮುಕ್ಕಾಲು ಮೀಟರ್ ಆಳದಲ್ಲಿ ವಾರಗಟ್ಟಲೆ ಕೂತಿದೆ. ರಿಂಗ್ ಮಾಡಿ ಹುಡುಕುವ ಮಾತೂ ಇಲ್ಲ, ಮೊಬೈಲ್ ಸಿಗ್ನಲ್ ನೀರಿನೊಳಗೆ ಹಾಯುವುದಿಲ್ಲ. ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿ ಅದು ಕೊನೆಯದಾಗಿ ತೋರಿಸಿದ ಜಾಗ ಇದ್ದರೆ ಬರೆದಿಟ್ಟುಕೊಳ್ಳಿ, ನಿಮ್ಮ ಪಟ್ಟಿಯನ್ನು ಕಿರಿದು ಮಾಡಲು ಸಹಾಯವಾಗುತ್ತದೆ. ಸಿಮ್ ಬ್ಲಾಕ್ ಮಾಡಿಸಿ, ಪೊಲೀಸರಲ್ಲಿ ಕಳೆದುಹೋದ ದೂರು ದಾಖಲಿಸಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ತಡೆಹಿಡಿಸಿ. ಬೇಸಿಗೆಯಲ್ಲಿ ಉಂಗುರ ಹುಡುಕುವಾಗ ಸಿಕ್ಕರೆ ಚಾರ್ಜಿಗೆ ಮಾತ್ರ ಹಾಕಬೇಡಿ. ಬ್ಯಾಟರಿ ಉಬ್ಬಿರಬಹುದು, ಬೆಂಕಿಯ ಅಪಾಯ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದರಿಂದ ಅಕ್ಕಿಯ ಹುಡಿ ಒಳಗೆ ಹೋಗುತ್ತದೆ, ಅಷ್ಟೇ ಲಾಭ.

ಈಗ ಉಂಗುರ. ಮುಳುಗುವವರ ಬದಲು ಬೇಸಿಗೆಯನ್ನು ನಂಬಿ ಎನ್ನುವುದು ನಮ್ಮ ಸಲಹೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ವಿದ್ಯುತ್ತಿಗೆ ನೀರು ಬಿಡುತ್ತ ಹೋದಂತೆ ಬೇಸಿಗೆ ಕೊನೆಗೆ ಹತ್ತಾರು ಅಡಿ ಇಳಿಯುತ್ತದೆ. 1964ರಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೆಯೇ ನೀರು ತೀರಾ ಇಳಿದ ವರ್ಷ ಮಡೆನೂರಿನಲ್ಲಿ ಎದ್ದು ಕಾಣುವಾಗ, 22 ಅಡಿಯ ತಳ ಒಣಗುವುದು ದೊಡ್ಡ ಮಾತಲ್ಲ. ಲೆಕ್ಕ ಸರಳ. ನೀವು ಹಗ್ಗ ಇಳಿಸಿದ ದಿನದ ಜಲಾಶಯದ ಮಟ್ಟ ಪತ್ರಿಕೆಯಲ್ಲೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಿನವಹಿ ವರದಿಯಲ್ಲೋ ಸಿಗುತ್ತದೆ. ಉದಾಹರಣೆಗೆ ಅದು 1806 ಎಂದಿಟ್ಟುಕೊಳ್ಳಿ. 22 ಕಳೆದರೆ 1784. ಮಟ್ಟ 1784ಕ್ಕಿಂತ ಕೆಳಗಿಳಿದ ದಿನ ನಿಮ್ಮ ಉಂಗುರದ ನೆಲ ನೀರಿನಿಂದ ಹೊರಗೆ. ಇನ್ನೂ ನಾಲ್ಕೈದು ಅಡಿ ಇಳಿಯಲು ಬಿಡಿ, ಕೆಸರು ಗಟ್ಟಿಯಾಗಬೇಕು. ಹಸಿ ಹೂಳಿನಲ್ಲಿ ಮೊಣಕಾಲು ತನಕ ಹೂತುಕೊಳ್ಳುವ ಅಪಾಯವಿದೆ. ತೀರಾ ಒಣಗಿ ಬಿರುಕು ಬಿಟ್ಟರೆ ಉಂಗುರ ಬಿರುಕಿನೊಳಗೆ ಜಾರುತ್ತದೆ. ಈ ಎರಡರ ನಡುವಿನ ವಾರ ನಿಮ್ಮದು, ಮುಂಗಾರುಪೂರ್ವ ಮಳೆ ಹಿಡಿದರೆ ಅದೂ ಹೋಯಿತು. ದಡದ ಕೆಲವು ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿರುವುದರಿಂದ ಮೆಟಲ್ ಡಿಟೆಕ್ಟರ್ ಹಿಡಿದು ಇಳಿಯುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ.

ಡಿಟೆಕ್ಟರ್ ಕೊಳ್ಳುವುದಕ್ಕಿಂತ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಸಾದಾ ಯಂತ್ರ ಅಲ್ಲಿ ಸುಮ್ಮಸುಮ್ಮನೆ ಕಿರುಚುತ್ತದೆ. ಮಣ್ಣಿಗೆ ಹೊಂದಿಸಿಕೊಳ್ಳುವ ಗ್ರೌಂಡ್ ಬ್ಯಾಲೆನ್ಸ್ ಇರುವುದೇ ಬೇಕು. ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ: ಗುಟ್ಕಾ ಪೊಟ್ಟಣ, ಸಿಗರೇಟಿನ ತಗಡುಹಾಳೆಗೆಲ್ಲ ಶಬ್ದ ಬರುತ್ತದೆಂದು ಬೇಸತ್ತು, ತಗಡನ್ನು ಲೆಕ್ಕಿಸಬೇಡ ಎಂದು ಯಂತ್ರಕ್ಕೆ ಹೇಳಿಬಿಡುತ್ತಾರೆ. ಸಣ್ಣ ಚಿನ್ನದುಂಗುರದ ಸಂಕೇತವೂ ಅದೇ ಜಾಗದಲ್ಲಿ ಬೀಳುವುದರಿಂದ ಉಂಗುರದ ಮೇಲೆ ಹಾದುಹೋದರೂ ಯಂತ್ರ ಮೌನವಾಗಿರುತ್ತದೆ. ನಮ್ಮ ದಡಗಳಲ್ಲಿ ತಗಡಿಗೇನೂ ಬರವಿಲ್ಲ, ಎಲ್ಲವನ್ನೂ ಅಗೆದೇ ತೀರಬೇಕು. ಶುರು ಮಾಡುವ ಮೊದಲು ಮನೆಯ ಇನ್ನೊಂದು ಉಂಗುರವನ್ನು ದಾರ ಕಟ್ಟಿ (ದಾರ ಮರೆಯಬೇಡಿ) ಅದೇ ಮಣ್ಣಿನಲ್ಲಿ ಎರಡಿಂಚು, ನಾಲ್ಕಿಂಚು ಹುಗಿದು ಶಬ್ದ ಹೇಗಿರುತ್ತದೆಂದು ಕಿವಿಗೆ ರೂಢಿ ಮಾಡಿಕೊಳ್ಳಿ. ಆಮೇಲೆ ಪಟ್ಟಿಯುದ್ದಕ್ಕೂ ಒಂದು ಮೀಟರಿಗೊಂದು ದಾರ ಎಳೆದು, ಯಂತ್ರದ ತಟ್ಟೆಯನ್ನು ನೆಲದಿಂದ ಒಂದಿಂಚಿನಷ್ಟೇ ಮೇಲೆ ಹಿಡಿದು, ಪ್ರತಿ ಬೀಸು ಹಿಂದಿನದರ ಅರ್ಧದ ಮೇಲೆ ಬರುವಂತೆ ಬೀಸಿ. 600 ಚದರ ಮೀಟರಿಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ.

ಮುಳುಗುವವರ ವಿಚಾರ. ಗುರುತು ಹಾಕಿದ ಜಾಗವಿಲ್ಲದೆ ಯಾರನ್ನೂ ನೀರಿಗಿಳಿಸಬೇಡಿ. 22 ಅಡಿಯಲ್ಲಿ ಉಸಿರು ಕಟ್ಟಿ ಕೆಸರು ತಡಕಾಡುವುದು, ಬೊಡ್ಡೆ ಮತ್ತು ಬಲೆಯ ನಡುವೆ, ನಾಲ್ಕು ಗ್ರಾಂ ಚಿನ್ನಕ್ಕೆ ತೆರಬೇಕಾದ ಬೆಲೆಯಲ್ಲ. ಜೋರಾಗಿ ಹತ್ತಾರು ಸಲ ಉಸಿರೆಳೆದು ಮುಳುಗಿದರೆ ಹೆಚ್ಚು ಹೊತ್ತು ಇರಬಹುದೆಂಬ ನಂಬಿಕೆಯಿದೆಯಲ್ಲ, ನೀರೊಳಗೇ ಪ್ರಜ್ಞೆ ತಪ್ಪುವುದು ಹಾಗೆಯೇ. ಸಿಲಿಂಡರ್ ಇರುವ ತರಬೇತಾದವರಾದರೆ ಸರಿ. ತಳಕ್ಕೆ ಭಾರ ಇಳಿಸಿ, ಅದಕ್ಕೆ ಮೀಟರಿಗೊಂದು ಗಂಟು ಹಾಕಿದ ಹಗ್ಗ ಕಟ್ಟಿ, ಮೊದಲ ಗಂಟು ಹಿಡಿದು ಒಂದು ಸುತ್ತು, ಎರಡನೆಯದು ಹಿಡಿದು ಇನ್ನೊಂದು ಸುತ್ತು ಎಂದು ಹುಡುಕುತ್ತಾರೆಯೇ ಕೇಳಿ. ‘ನೋಡೋಣ, ಸಿಕ್ಕರೆ ಸಿಗ್ತದೆ’ ಎಂದರೆ ನಮಸ್ಕಾರ ಹೇಳಿ ಬನ್ನಿ. ಕೈ ಹಾಕಿದೊಡನೆ ಹೂಳು ಎದ್ದು ಏನೂ ಕಾಣುವುದಿಲ್ಲ. ಒಬ್ಬರು ಕೆದಕಿದ ತಳ ಬೇಸಿಗೆಯ ಹುಡುಕಾಟಕ್ಕೂ ಕೆಟ್ಟಿತು.

ಆಳ ಆರೇಳು ಅಡಿ ಇದ್ದಿದ್ದರೆ ಉತ್ತರವೇ ಬೇರೆಯಾಗುತ್ತಿತ್ತು: ಮಾವಿನಕಾಯಿ ಕೊಯ್ಯುವ ಬಲೆ ಕಟ್ಟಿದ ದೋಟಿಯ ತುದಿಗೆ ತುಸು ಭಾರ ಕಟ್ಟಿ ದೋಣಿಯಲ್ಲಿ ಕೂತೇ ಫೋನ್ ಬಾಚಬಹುದಿತ್ತು. ಅಳಿವೆಯಲ್ಲಿ ಬಿದ್ದಿದ್ದರೆ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತಕ್ಕೆ ಕಾಯಬೇಕು, ಆದರೆ ಅಲ್ಲಿ ಮರಳು ದಿನವೂ ಮಗ್ಗುಲು ಬದಲಿಸುವುದರಿಂದ ತಡಮಾಡುವಂತಿಲ್ಲ.

ಮುಂದಿನ ಸಲ ದೋಣಿ ಹತ್ತುವಾಗ ಮೂರು ಸಿದ್ಧತೆ ಸಾಕು. ಉಂಗುರ ಮನೆಯಲ್ಲೇ ಇರಲಿ, ತಣ್ಣೀರಿಗೆ ಬೆರಳು ಸಣ್ಣಗಾಗಿ ಬಿಗಿಯುಂಗುರವೂ ಜಾರುತ್ತದೆ. ಏನಾದರೂ ಬಿದ್ದರೆ ಬಗ್ಗಬೇಡಿ, ಕೂತಲ್ಲೇ ಕೂತು ಗುರುತಿನ ಬಾಟಲಿ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ಒಂದು ಲೀಟರ್ ಬಾಟಲಿ, ಅದಕ್ಕೆ ಸುತ್ತಿದ ಹಗ್ಗ, ತುದಿಯಲ್ಲಿ ಎರಡು ಕೆ.ಜಿ. ಕಲ್ಲು. ಕಲ್ಲು ಇಳಿಯುತ್ತ ಹಗ್ಗ ತಾನೇ ಬಿಚ್ಚಿಕೊಳ್ಳುತ್ತದೆ. ತಳ ಮುಟ್ಟಿದ ಮೇಲೆ ಹೆಚ್ಚಿನ ಹಗ್ಗ ಸುತ್ತಿ ಬಿಗಿ ಮಾಡಿ. 22 ಅಡಿ ಆಳಕ್ಕೆ 30 ಅಡಿ ಹಗ್ಗ ಬಿಟ್ಟರೆ ಬಾಟಲಿ ಕಲ್ಲಿನಿಂದ 20 ಅಡಿ ದೂರದ ತನಕ ಅಲೆಯಬಹುದು. ಕೊನೆಯದು, ಫೋನಿಗೂ ಕೀಗೂ ಬಲೆಗೆ ಕಟ್ಟುವ ಬೆಂಡು. 200 ಗ್ರಾಂ ಫೋನ್ ಸುಮಾರು 90 ಮಿ.ಲೀ. ನೀರನ್ನು ಸರಿಸುವುದರಿಂದ ನೀರೊಳಗೆ ಅದರ ಭಾರ 110 ಗ್ರಾಂ ಆಸುಪಾಸು, 200 ಮಿ.ಲೀ. ಗಾತ್ರದ ಬೆಂಡು ಧಾರಾಳ. ಕೀಗೊಂಚಲಿಗೆ ಇಂಥ ರಿಯಾಯಿತಿ ಇಲ್ಲ, ಲೋಹ ಸರಿಸುವ ನೀರು ಅಲ್ಪ. 60 ಗ್ರಾಂ ಗೊಂಚಲಿಗೆ ಕನಿಷ್ಠ 80 ಮಿ.ಲೀ. ಬೆಂಡು ಬೇಕು. ಕಟ್ಟಿದ ಮೇಲೆ ಮನೆಯಲ್ಲೇ ಬಕೆಟ್ ನೀರಿಗೆ ಹಾಕಿ ನೋಡಿ. ಫೋನಿನ ಬದಲು ಅಷ್ಟೇ ಗಾತ್ರ, ಅಷ್ಟೇ ತೂಕದ ಬೇರೆ ಏನಾದರೂ ಕಟ್ಟಿ.

— ಸಂ.